ಹನ್ನೆರಡು ಗ್ಲಾಸು ಮಳೆ

ಎರಡು ಕುರ್ಚಿಗಳನ್ನು ಹೊತ್ತು ಒಳಗೆ ಬರುತ್ತಿದ್ದ ಮೈದುನ ಬಾಗಿಲಲ್ಲೇ ನಿಂತು, ಆ ಮಳೆಯ ಕತೆಯನ್ನು ಬೆಳಗಿನಿಂದ ನಾಲ್ಕನೇ ಸಲ ಶುರುಮಾಡಿದ.

“ಇನ್ನೂರ ನಲವತ್ತಮೂರು ಮಿಲಿಮೀಟರ್! ಒಂದೇ ದಿನಕ್ಕೆ! ಶರತ್ಕಾಲದಲ್ಲಿ ಈ ಊರು ಅಂಥ ಮಳೆ ಹಿಂದೆ ಕಂಡಿಲ್ಲ, ಮುಂದೆ ಕಾಣಲ್ಲ. ಅದನ್ನ ಅಳೆದೋನು ನಮ್ಮಣ್ಣ.”

“ಮೊದಲು ಕುರ್ಚಿ ಇಳಿಸಪ್ಪ,” ಎಂದಳು ಅತ್ತಿಗೆ. “ದಾರಿಗೆ ಅಡ್ಡ ನಿಂತಿದೀಯ.”

ಅವಳ ಗಂಡ ಹಜಾರದ ನಡುವೆ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಹವಾಮಾನ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಮಳೆ ಅಳೆದು ನಿವೃತ್ತನಾದ ಮನುಷ್ಯ. ಬೀದಿಯವರ ಬಾಯಲ್ಲಿ ಮಳೆಯಪ್ಪ. ಬಂದವರೆಲ್ಲ ಮುಖ ನೋಡುತ್ತಿದ್ದರು, ನಿಟ್ಟುಸಿರು ಬಿಡುತ್ತಿದ್ದರು, ಆಮೇಲೆ ಆ ಸಂಖ್ಯೆ ಹೇಳುತ್ತಿದ್ದರು. ಅವನು ಚೆನ್ನಾಗಿ ಹಾಡುತ್ತಿದ್ದ, ಹರಿದ ಅಂಗಿಗೆ ತಾನೇ ತೇಪೆ ಹಾಕಿಕೊಳ್ಳುತ್ತಿದ್ದ, ಮಗಳು ಹುಟ್ಟಿದಾಗ ಹೆಂಡತಿಗೆ ತಿಂಗಳುಗಟ್ಟಲೆ ಅಡುಗೆ ಮಾಡಿ ಹಾಕಿದ್ದ. ಅದು ಒಬ್ಬರಿಗೂ ನೆನಪಿಲ್ಲ. ಸತ್ತ ಮೇಲೂ ಆ ಹಾಳು ಮಳೆ ಮನೆ ಬಿಟ್ಟು ಹೋಗುತ್ತಿಲ್ಲವಲ್ಲ ಎಂದು ಅವಳಿಗೆ ರೋಸಿಹೋಗಿತ್ತು.

ಹತ್ತು ಗಂಟೆಗೆ ಕಚೇರಿಯ ಈಗಿನ ಅಧಿಕಾರಿ ಬಂದರು. ಐವತ್ತರ ಹೆಂಗಸು, ಕಂಕುಳಲ್ಲಿ ಒಂದು ದಪ್ಪ ಹಳೆಯ ಪುಸ್ತಕ.

“ಅಮ್ಮಾ, ಆ ವರ್ಷದ ದಾಖಲೆ ಪುಸ್ತಕ ತಂದಿದೀನಿ. ಅವರ ಪಕ್ಕ ತೆರೆದಿಡ್ತೀನಿ, ಜನ ನೋಡ್ಲಿ. ಹೊಳೆಗೆ ಹೊಸ ಸೇತುವೆ ಕಟ್ತಾರಲ್ಲ, ಎಷ್ಟು ಎತ್ತರ ಇರ್ಬೇಕು ಅಂತ ಇಂಜಿನಿಯರುಗಳು ಇದೇ ಲೆಕ್ಕ ಹಿಡಿದಿದಾರೆ.”

ಅವಳು ಕೈಯಲ್ಲಿದ್ದ ನೀರಿನ ಚೊಂಬನ್ನು ಕೆಳಗಿಟ್ಟಳು.

“ಇದರ ಮೇಲೆ ಸೇತುವೇನಾ?”

*

ಆ ಮಳೆಯ ದಿನ ಬೆಳಿಗ್ಗೆ ಎಂಟೂವರೆ. ಕಚೇರಿಯ ಹಿಂದಿನ ಒಂದೇ ಕೋಣೆಯ ಮನೆ. ಅಡುಗೆಯ ಮೂಲೆಗೆ ಮೊಣಕಾಲುದ್ದ ನೀರು ನುಗ್ಗಿತ್ತು. ವರ್ಷ ತುಂಬದ ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಅವಳು ಪಾತ್ರೆಯಲ್ಲಿ ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದಳು. ಗಂಡ ಅಂಗಳದ ಎತ್ತರದ ಕಟ್ಟೆಯ ಮೇಲೆ ಕೊಡೆಯ ಕೆಳಗೆ ಕುಕ್ಕರಗಾಲಲ್ಲಿ ಕೂತು ಮಳೆ ಅಳೆಯುತ್ತಿದ್ದ. ಮಳೆಮಾಪಕದ ಡಬ್ಬದಲ್ಲಿ ಸೇರಿದ ನೀರನ್ನು ಅಳತೆಯ ಗ್ಲಾಸಿಗೆ ಸುರಿಯಬೇಕು. ಗ್ಲಾಸು ತುಂಬಿದರೆ ಇಪ್ಪತ್ತು ಮಿಲಿಮೀಟರ್. ಅದನ್ನು ನೆಲಕ್ಕೆ ಚೆಲ್ಲಿ ಮತ್ತೆ ತುಂಬಬೇಕು. “ಆರು... ಏಳು...” ಎಂದು ಗಟ್ಟಿಯಾಗಿ ಎಣಿಸುತ್ತಿದ್ದ.

ಡಬ್ಬದ ತಳದಲ್ಲಿ ಸ್ವಲ್ಪವೇ ನೀರು ಉಳಿದಿದ್ದಾಗ ಕಾಂಪೌಂಡ್ ಗೋಡೆ ಧಡಾರನೆ ಬಿತ್ತು. ಅವನು ಹಾರಿಬಿದ್ದ.

“ಏ, ಎಷ್ಟಾಯ್ತೇ?”

“ಏನೆಷ್ಟು?”

“ಗ್ಲಾಸು! ಜೋರಾಗೇ ಎಣಿಸ್ತಿದ್ನಲ್ಲ, ಕೇಳಿಸ್ಕೊಂಡಿರ್ತೀಯ.”

ಹಿಟ್ಟಿನ ಡಬ್ಬ ತೇಲುತ್ತಿದೆ, ಮಗು ಕಿರುಚುತ್ತಿದೆ, ಈ ಮಹಾನುಭಾವನಿಗೆ ಗ್ಲಾಸಿನ ಚಿಂತೆ.

“ಹನ್ನೆರಡು!” ಎಂದು ಕೂಗಿದಳು. ಬಾಯಿಗೆ ಬಂದದ್ದು ಅದು. ಹದಿನೈದು ಬಂದಿದ್ದರೆ ಹದಿನೈದೇ ಆಗುತ್ತಿತ್ತು.

ಉಳಿದ ನೀರು ಮೂರು ಮಿಲಿಮೀಟರ್ ಇತ್ತು. ಆ ಮೂರು ಮಾತ್ರ ಅಳತೆಯದು, ಮಿಕ್ಕಿದ್ದೆಲ್ಲ ಅವಳ ಸಿಟ್ಟು. ಮರುದಿನ ಪೇಪರಿನಲ್ಲಿ ಬಂತು, ಕಚೇರಿಯವರು ಹಾರ ಹಾಕಿದರು. ಗಂಡ ಅಷ್ಟು ಸಂತೋಷವಾಗಿದ್ದುದನ್ನು ಅವಳು ಕಂಡೇ ಇರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವುದರಲ್ಲಿ ನಲವತ್ತು ವರ್ಷ ಕಳೆಯಿತು.

*

“ಅದನ್ನ ಎಣಿಸಿದ್ದು ಅವರಲ್ಲ,” ಎಂದಳು ಅವಳು. “ಅವರಿಗೆ ಲೆಕ್ಕ ತಪ್ಪಿತ್ತು. ನನ್ನ ಕೇಳಿದ್ರು. ತಲೆ ತಿನ್ನೋದು ನಿಲ್ಲಿಸ್ಲಿ ಅಂತ ನಾನು ಯಾವುದೋ ಒಂದು ಹೇಳ್ದೆ.”

ಅಪ್ಪನ ಕಾಲ ಬಳಿ ಕೂತಿದ್ದ ಮಗಳು, “ಅಮ್ಮಾ, ಈಗ ಬೇಡ ಬಿಡು,” ಎಂದಳು.

ಮೈದುನ ಕೆಂಡವಾದ. “ಅತ್ತಿಗೆ, ನಿಮಗೆ ಇವತ್ತೇ ಸಿಕ್ತಾ? ಅವನ ಹೆಸರಿಗೆ ಇದ್ದದ್ದೇ ಇದೊಂದು.”

“ನಿನ್ನೆವರೆಗೂ ಅದು ಬರೀ ಜಂಬ ಕೊಚ್ಕೊಳ್ಳೋ ಮಾತು, ಅದಕ್ಕೇ ಸುಮ್ಮನಿದ್ದೆ. ಈಗ ಸೇತುವೆ ಕಟ್ತಾರಂತೆ. ಹದಿನಾಲ್ಕೋ ಹದಿನೈದೋ ಇದ್ದಿದ್ರೆ? ನಾಳೆ ಅದರ ಮೇಲೆ ಓಡಾಡೋನು ನೀನೇ ತಾನೆ?”

ಅಧಿಕಾರಿ ಪುಟ ತಿರುವಿ ಪುಸ್ತಕವನ್ನು ಅವಳ ತೊಡೆಯ ಮೇಲಿಟ್ಟರು. ಅಂಚಿನಲ್ಲಿ ಗಂಡನ ಇರುವೆಯಂಥ ಅಕ್ಷರ: ‘ಗೋಡೆ ಬಿದ್ದಾಗ ನನಗೆ ಲೆಕ್ಕ ತಪ್ಪಿತು. ಎಣಿಕೆ ನನ್ನ ಹೆಂಡತಿಯದು. ಅವಳು ತಪ್ಪುವವಳಲ್ಲ.’

“ಇದನ್ನ ನೋಡಿಯೇ ನಾವೂ ನಂಬಿದ್ದು, ಅಮ್ಮ.”

ಅವಳು ಎರಡು ಸಲ ಓದಿದಳು. ಮೈಯೆಲ್ಲ ಉರಿದುಹೋಯಿತು.

“ನಂಬೋಕೆ ನಿಮಗೆ ಬೇರೆ ಯಾರೂ ಸಿಗ್ಲಿಲ್ವಾ?” ಎಂದು ಹೆಣಕ್ಕೇ ಗದರಿದಳು. ಬೆಳಗಿನಿಂದ ಬಾರದ ಅಳು ಆಗ ಬಂತು.

ಹೊರಗೆ ವ್ಯಾನಿನ ಹಾರನ್ ಆಯಿತು. ನಾಲ್ಕು ಜನ ಬಗ್ಗಿ ಅವನನ್ನು ಎತ್ತಿದರು. ಅವಳು ಅಧಿಕಾರಿಯ ಕೈಯಿಂದ ಶಾಯಿ ಪೆನ್ನು ಕಿತ್ತುಕೊಂಡು, ಗಂಡನ ಸಾಲಿನ ಕೆಳಗೆ ದಪ್ಪ ಸೊಟ್ಟ ಅಕ್ಷರಗಳಲ್ಲಿ ಬರೆದಳು: ‘ನಾನು ಎಣಿಸಿರಲಿಲ್ಲ.’

ಅಧಿಕಾರಿ ಪುಸ್ತಕ ಮುಚ್ಚಲು ಕೈ ಚಾಚಿದರು.

“ಇರಿ. ಇನ್ನೂ ಹಸಿ ಇದೆ. ಈಗ ಮುಚ್ಚಿದ್ರೆ ಆ ಕಡೆ ಅವರು ಬರೆದಿರೋದಕ್ಕೆಲ್ಲ ಮೆತ್ಕೊಳ್ಳುತ್ತೆ.”

ಅವಳು ಮೂಗೊರೆಸಿಕೊಂಡು ಪುಟದ ಮೇಲೆ ಬಗ್ಗಿ ಊದತೊಡಗಿದಳು. ನಾಲ್ವರೂ ಅವನನ್ನು ಹಿಡಿದುಕೊಂಡು, ಶಾಯಿ ಒಣಗುವವರೆಗೆ ಹಾಗೇ ನಿಂತಿದ್ದರು.