ತನುಜಾಳ ಹದ

ತನ್ನ ಜೊತೆ ಬಾಳಿ ಬಾಳಿ ಹೆಂಡತಿಗೆ ಬದುಕೇ ಬೇಸರವಾಯಿತೆ? ಇಲ್ಲದಿದ್ದರೆ ಡಾಕ್ಟರಮ್ಮ ಈ ಮಾತ್ರೆ ಯಾಕೆ ಬರೆದಾರು? ಆನೇಮಹಲ್‌ನ ತನ್ನ ಕಾಫಿ ಪುಡಿ ಅಂಗಡಿಯಲ್ಲಿ, ಗಿರಣಿಯ ಮುಂದೆ ನಿಂತು, ಶಿವಯ್ಯ ಅದನ್ನೇ ಮೆಲುಕು ಹಾಕುತ್ತಿದ್ದ. ಮೆಡಿಕಲ್ ಸ್ಟೋರಿನವನು ದನಿ ತಗ್ಗಿಸಿ, "ಇದು ಮನಸ್ಸು ಕುಗ್ಗಿದೋರಿಗೆ ಕೊಡೋದು ಕಣ್ರೀ, ಮನೇಲಿ ಏನಾದ್ರೂ..." ಎಂದಿದ್ದ. ಶಿವಯ್ಯ ಮಾತ್ರೆ ಜೇಬಿಗಿಳಿಸಿ ಬಂದಿದ್ದ. ಹೆಂಡತಿಯನ್ನೂ ಕೇಳಿರಲಿಲ್ಲ.

ಬೀಜ ಹುರಿಯುವ ಕೆಲಸ ಹೆಂಡತಿ ತನುಜಾಳದು. ಸಿಡಿಯುವ ಸದ್ದು, ಏಳುವ ವಾಸನೆ, ಅಷ್ಟರಲ್ಲೇ ಹದ ತಿಳಿಯುವವಳು. ಆದರೆ ಮುಟ್ಟು ನಿಂತ ಮೇಲೆ, ಎದೆಯಿಂದ ಕೆನ್ನೆಗೆ ಬೆಂಕಿ ಹತ್ತಿದಂತಾಗಿ, ಬೆವರು ಸುರಿದು, ಒಲೆ ಬಿಟ್ಟು ಹೊರಗೆ ಓಡುತ್ತಿದ್ದಳು. ಒಳಗೆ ಬೀಜ ಸೀಯುತ್ತಿತ್ತು. ಗಿರಾಕಿಗಳು ಗೊಣಗಿದಾಗ, ಹುರಿಯಲು ಹಾಸನದಿಂದ ಆಳು ತರೋಣವೆಂದು ಶಿವಯ್ಯನೇ ಮಾತೆತ್ತಿದ್ದ.

"ಒಂದು ತಿಂಗಳು ಕೊಡಿ. ಆಮೇಲೂ ಸೀದ್ರೆ ನಾನೇ ಬಿಡ್ತೀನಿ," ಎಂದಿದ್ದಳು.

ಆ ತಿಂಗಳು ಇವತ್ತಿಗೆ ಮುಗಿಯಿತು. ಮಗ್ಗೆ ಊರಿನ ಮದುವೆ ಮನೆಗೆ ಪುಡಿ ಒಯ್ಯಲು, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಧರ್ಮ ಬಂದು ಕೂತಿದ್ದ.

"ಏನಕ್ಕ, ತಲೆ ಕೆಟ್ಟೋರ ಮಾತ್ರೆ ನುಂಗ್ತಿದ್ಯಂತೆ? ಅಣ್ಣ ಅಷ್ಟು ಕಾಟ ಕೊಡ್ತಾನಾ?"

ಅಂಗಡಿಯಲ್ಲಿದ್ದವರು ನಕ್ಕರು. ಶಿವಯ್ಯ ಗಿರಣಿ ನಿಲ್ಲಿಸಿದ.

"ಕಾಟ ಕೊಡೋಕೆ ನಿಮ್ಮಣ್ಣಂಗೆ ಬಾಯಿ ಎಲ್ಲೈತೆ?" ಹುರಿಯುವ ಡ್ರಮ್ಮಿನಿಂದ ಕಣ್ಣು ತೆಗೆಯದೆ ತನುಜಾ ಅಂದಳು. "ಹೂಂ ಕಣೋ, ತಲೆ ಮಾತ್ರೇನೇ. ಬೇಸರಕ್ಕೂ ಕೊಡ್ತಾರೆ, ಮುಟ್ಟು ನಿಂತ ಈ ಸೆಕೆಗೂ ಕೊಡ್ತಾರೆ. ಎದೆ ಕ್ಯಾನ್ಸರ್ ಗಡ್ಡೆ ತೆಗೆಸ್ಕಂಡೋಳು ನಾನು, ಹಾರ್ಮೋನ್ ಮಾತ್ರೆ ಆಗಲ್ಲ, ಇದೇ ನುಂಗು ಅಂದ್ರು. ಹೆಂಗಸು ಬೆವರೋದೇನು ಕದ್ದ ಮಾಲಾ, ಮುಚ್ಚಿಡೋಕೆ? ನಿಮ್ಮವ್ವಂಗೂ ಹಿಂಗಾದ್ರೆ ಡಾಕ್ಟರತ್ರ ಕರ್ಕೊಂಡೋಗು, ಮಾರಾಯ."

ಧರ್ಮನ ನಗು ಇಳಿಯಿತು. "ಸೆಕೆ ಪೂರ್ತಿ ನಿಂತೋಯ್ತಾ ಅಕ್ಕ?"

"ಪೂರ್ತಿ ಎಲ್ಲಿ? ಆಗೊಂದ್ಸಲ ಈಗೊಂದ್ಸಲ ಬರ್ತೈತೆ. ನಿಂತ್ಕಂಡೇ ತಡ್ಕಂತೀನಿ."

ಹಾಗೆನ್ನುವಾಗಲೇ ಅವಳ ಕತ್ತು ಕೆಂಪೇರಿತು. ಹಣೆಯಲ್ಲಿ ಬೆವರು ಮೂಡಿತು. ಈಗ ಓಡುತ್ತಾಳೆ ಎಂದುಕೊಂಡ ಶಿವಯ್ಯ. ಅವಳು ಕದಲಲಿಲ್ಲ. ಸೆರಗಿನಿಂದ ಕತ್ತು ಒರೆಸಿಕೊಂಡು, ಡ್ರಮ್ಮಿನತ್ತ ಕಿವಿ ವಾಲಿಸಿ, ಸಿಡಿತ ಸಣ್ಣಗಾದದ್ದೇ ಅದರ ಬಾಯಿ ತೆಗೆದಳು. ಬೀಜ ತಟ್ಟೆಗೆ ಸುರಿಯಿತು. ಒಂದೇ ಬಣ್ಣ, ಒಂದು ಕಾಳೂ ಸೀದಿರಲಿಲ್ಲ.

ಶಿವಯ್ಯ ಒಂದು ಹಿಡಿ ಎತ್ತಿ ಮೂಸಿದ. ಧರ್ಮನ ಮೂಗಿಗೂ ಹಿಡಿದ.

"ಹೋಗು, ಹಾಸನವೆಲ್ಲ ಹುಡುಕು. ಇಂಥ ಕೈ ಸಿಕ್ರೆ ಬಂದು ಹೇಳು."

"ಹಂಗಾರೆ ಆ ಆಳು ಯಾವಾಗ ಬರ್ತಾನ್ರೀ?" ತನುಜಾ ಕೇಳಿದಳು.

"ಯಾವ ಆಳು?" ಎಂದು ಶಿವಯ್ಯ ಮತ್ತೆ ಗಿರಣಿ ಹಾಕಿದ.

ಆ ಮಾತ್ರೆ ಕಂಡು, ಅವಳ ಬೇಸರಕ್ಕೆ ತಾನೇ ಕಾರಣವಿರಬೇಕೆಂದು ಹೆದರಿದ್ದನ್ನು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.