ಮೊಣಕೈ ಒಪ್ಪುವಷ್ಟು ಬಿಸಿ

ತಣ್ಣಗಿದೆ, ಮೊಣಕೈ ಹೇಳುತ್ತಿದೆ, ಮೊಣಕೈ ಸುಳ್ಳು ಹೇಳುವುದಿಲ್ಲ, ಮೂರು ಮಕ್ಕಳಿಗೆ ನೀರಿನ ಹದ ನೋಡಿದ ಮೊಣಕೈ ಇದು — ಪಾಸ್ಟರಮ್ಮ ತೋಳು ಮಡಚಿಕೊಂಡು ದೀಕ್ಷಾಸ್ನಾನದ ತೊಟ್ಟಿಯ ಅಂಚಿನಲ್ಲಿ ಮಂಡಿಯೂರಿದ್ದಾಳೆ, ಪರದೆಯ ಈಚೆಗೆ, ಆಚೆ ಚರ್ಚಿನ ಸಭೆ ಹಾಡುತ್ತಿದೆ, ಯಾರಾದರೂ ಇಣುಕಿದರೆ ಪ್ರಾರ್ಥನೆಯಲ್ಲಿದ್ದಾಳೆ ಅಂದುಕೊಳ್ಳಲಿ, ಪ್ರಾರ್ಥನೆಯಲ್ಲೂ ಇದ್ದಾಳೆ ಅನ್ನಿ, ದೇವರೇ ಈ ಹೀಟರಿಗೆ ಏನು ಬಂತಪ್ಪಾ ರೋಗ, ನಿನ್ನೆ ಸಂಜೆ ಗುಂಯ್ ಅನ್ನುತ್ತಿತ್ತು, ಇವತ್ತು ಉಂಡು ಮಲಗಿದ ಬೀಗರ ಹಾಗೆ ಬಿದ್ದುಕೊಂಡಿದೆ, ಒದ್ದೂ ನೋಡಿದಳು, ಪಾಸ್ಟರಮ್ಮ ಒದೆಯಬಾರದು, ಆದರೂ ಒದ್ದಳು. ಮದುವೆಯ ಹೊತ್ತಿಗೆ ಇದನ್ನೆಲ್ಲ ಯಾರು ಹೇಳಿದ್ದರು, ಅತ್ತೆ ಹೇಳಿದ್ದು ಇಷ್ಟೇ, ಮುಂದಿನ ಬೆಂಚಲ್ಲಿ ಕೂತ್ಕೋ, ನಗ್ತಾ ಇರು, ಅವನು ಪ್ರಸಂಗ ಮಾಡ್ವಾಗ ತೂಕಡಿಸ್ಬೇಡ ತಾಯಿ — ತೂಕಡಿಸದಿರುವುದೊಂದೇ ಕಷ್ಟ ಅಂದುಕೊಂಡಿದ್ದಳು ಪೆದ್ದಿ, ಆಮೇಲೆ ನೋಡಿದರೆ ಸತ್ತವರಿಗೆ ಟೈ ಕಟ್ಟುವುದೂ ಅವಳೇ, ಹಾಗೇ ಕಲಿತದ್ದು, ಸತ್ತವರು ಬಿಗಿಯಾಯ್ತು ಅಂತ ದೂರುವುದಿಲ್ಲ ನೋಡಿ, ಮದುಮಗಳ ಜಿಪ್ಪು ಕಿತ್ತುಹೋದಾಗ ಅವಳನ್ನು ಬಟ್ಟೆಯ ಒಳಗೇ ಇಟ್ಟು ಹೊಲಿದದ್ದೂ ಅವಳೇ, ಸಂಜೆ ಮದುಮಗ ತಲೆ ಕೆರೆದುಕೊಳ್ಳುತ್ತಾ ಬಾಗಿಲಿಗೆ ಬಂದು ಆಂಟಿ, ಒಂದು ಕತ್ತರಿ ಇದ್ರೆ ಕೊಡ್ತೀರಾ ಅಂದ. ಗಂಡನ ಪ್ರಸಂಗವನ್ನು ಶನಿವಾರ ಅಡುಗೆಮನೆಯಲ್ಲಿ ಮೊದಲು ಕೇಳುವವಳೂ ಅವಳೇ, ಈರುಳ್ಳಿ ಹೆಚ್ಚುತ್ತಾ ಕೇಳುತ್ತಾಳೆ, ಕಣ್ಣಲ್ಲಿ ನೀರು ನೋಡಿ ಆತ ಆ ಭಾಗವನ್ನು ಇನ್ನಷ್ಟು ಉದ್ದ ಮಾಡುತ್ತಾನೆ, ಊರವರು ಪಾಪ, ಅವಳ ಈರುಳ್ಳಿಗೆ ಭಾನುವಾರ ದಂಡ ತೆರುತ್ತಾರೆ.

ಇವತ್ತು ಮಾತ್ರ ಪ್ರಸಂಗ ಉದ್ದವಾದಷ್ಟೂ ಒಳ್ಳೆಯದು, ಯಾಕೆಂದರೆ ಇವತ್ತು ಮುಳುಗುವವನು ಸ್ಪ್ಯಾನರಣ್ಣ. ಲಾರಿ ಮೆಕ್ಯಾನಿಕ್ಕು, ಆರ್ಗನ್ ಅಕ್ಕನ ಗಂಡ. ಅಕ್ಕ ಪ್ರತಿ ಭಾನುವಾರ ಒಳಗೆ ಆರ್ಗನ್ ನುಡಿಸುತ್ತಾಳೆ, ಅವನು ಹೊರಗೆ ಲಾರಿಯಲ್ಲಿ ಕಾಲು ಚಾಚಿ ಗೊರಕೆ ನುಡಿಸುತ್ತಾನೆ, ಎಷ್ಟು ವರ್ಷ, ಮೀಸೆ ಕಪ್ಪಿದ್ದಾಗಿನಿಂದ. ಹೋದ ತಿಂಗಳು ಪಾಸ್ಟರ ಕಾರಿನ ಕೆಳಗೆ ಮಲಗಿದ್ದವನು ಅಲ್ಲಿಂದಲೇ, ಪಾಸ್ಟರಮ್ಮ, ನಾನೂ ಮುಳುಗೋಣ ಅಂತಿದೀನಿ, ಅಂದ. ಇವಳು ದಡಬಡ ಬಗ್ಗಿ ಇಣುಕಿದಳು, ಎಲ್ಲಣ್ಣಾ, ಕೆರೇಲಾ? ಅಯ್ಯೋ ನಿಮ್ಮ ತೊಟ್ಟೀಲಮ್ಮ, ಆದರೆ ನೀರು ಬಿಸಿ ಇರ್ಬೇಕು ನೋಡಿ, ಚಿಕ್ಕವನಿದ್ದಾಗ ಬಾವಿಗೆ ಬಿದ್ದಿದ್ದೆ, ಆ ಚಳಿ ಇನ್ನೂ ಮೂಳೆ ಬಿಟ್ಟಿಲ್ಲ, ತಣ್ಣಗಿದ್ರೆ ವಾಪಸ್ ಹೋಗ್ತಾ ಇರ್ತೀನಿ, ನೀವೂ ಬೇಜಾರು ಮಾಡ್ಕೋಬಾರದು, ಮೇಲಿರೋನೂ ಮಾಡ್ಕೋಬಾರದು. ತಮಾಷೆಯಲ್ಲ, ಮಾಡುವವನೇ, ಹಿಂದಿನ ಪಾಸ್ಟರ ಕಾಲದಲ್ಲಿ ಒಮ್ಮೆ ಮೆಟ್ಟಿಲವರೆಗೆ ಬಂದು, ಕಾಲಿನ ಹೆಬ್ಬೆರಳು ಅದ್ದಿ, ಸಭೆಗೆಲ್ಲ ನಮಸ್ಕಾರ ಹೇಳಿ ಹೊರಟೇ ಹೋಗಿದ್ದ, ಆವತ್ತು ಅಕ್ಕ ಲಾರಿ ಹತ್ತದೆ ಮನೆಗೆ ನಡೆದುಕೊಂಡು ಹೋದಳಂತೆ, ಮತ್ತೆಂದೂ ಬಾ ಅಂತ ಕರೆಯಲಿಲ್ಲವಂತೆ. ಈಗ ತಾನಾಗಿ ಬಂದಿದ್ದಾನೆ. ಇನ್ನೊಂದು ಸಲ ತಿರುಗಿ ಹೋದರೆ ಮುಗಿಯಿತು. ಇವಳ ಮೊಣಕೈ ತೊಟ್ಟಿಯಲ್ಲಿ ಜುಂ ಅನ್ನುತ್ತಿದೆ.

ಏಳು, ಏಳು ಮುದುಕಿ, ಚರ್ಚ್ ಹಾಲ್‌ನ ಅಡುಗೆಮನೆಯಲ್ಲಿ ಎರಡು ಒಲೆ ಇವೆ, ನೀರಿನ ಸ್ಟೀಲ್ ಕ್ಯಾನುಗಳಿವೆ — ಪರದೆಯ ಸಂದಿಯಿಂದ ಕರವಸ್ತ್ರ ತೋರಿಸಿದಳು, ಕರವಸ್ತ್ರ ಎಡಗೈಯಲ್ಲಿದ್ದರೆ ಮುಗಿಸ್ರೀ ಅಂತ, ಬಲಗೈಯಲ್ಲಿದ್ದರೆ ಎಳೀರಿ ಅಂತ, ಸಂಸಾರ ಹೂಡಿದಾಗಿನಿಂದ ಎಡಗೈಯೇ ಸವೆದಿದೆ, ಬಲಗೈ ಇದೇ ಮೊದಲು, ಗಂಡ ಒಂದು ಕ್ಷಣ ನಂಬಲಿಲ್ಲ, ಆಮೇಲೆ ಮುಖ ಅರಳಿತು ನೋಡಿ, ಶಾಲೆಗೆ ರಜೆ ಸಿಕ್ಕಿದ ಹುಡುಗನ ಹಾಗೆ, ಕನ್ನಡಕ ತೆಗೆದಿಟ್ಟ, ಸಹೋದರ ಸಹೋದರಿಯರೇ, ಈ ನೀರು ಅನ್ನೋದು ಏನು, ಅಂತ ಸೃಷ್ಟಿಯ ಮೊದಲ ದಿನದಿಂದ ಹಿಡಿದ. ಹಿಂದಿನ ಬೆಂಚಿನಿಂದ ಒಂದು ನಿಟ್ಟುಸಿರು ಹೊರಟು ಮುಂದಿನ ಬೆಂಚು ತಲುಪಿತು. ಇವಳು ಓಡಿದಳು, ಒಲೆಯಿಂದ ತೊಟ್ಟಿಗೆ, ತೊಟ್ಟಿಯಿಂದ ಒಲೆಗೆ, ಕ್ಯಾನು ಹೊತ್ತು, ಬೆವರು ಕಣ್ಣಿಗಿಳಿದು, ಪ್ರತಿ ಸಲ ಸಂದಿಯಲ್ಲಿ ಕಾಣುವುದು ಅಷ್ಟೇ, ಆರ್ಗನ್ ಅಕ್ಕನ ಎರಡು ಕೈ, ಪ್ರಸಂಗದ ಹೊತ್ತು ನುಡಿಸಲು ಏನೂ ಇಲ್ಲ, ಆದರೂ ಕೈ ತೊಡೆಯ ಮೇಲಿಲ್ಲ, ಕೀಗಳ ಮೇಲಿವೆ, ಒತ್ತದೆ, ಬರೀ ಹಿಡಿದುಕೊಂಡಿವೆ, ಓಡಿಹೋಗುವ ದನದ ಹಗ್ಗ ಹಿಡಿದ ಹಾಗೆ. ಇನ್ನೊಂದು ಕ್ಯಾನು. ಆ ಕೈಗಳು. ಇನ್ನೊಂದು. ಗಂಡ ಜಲಪ್ರಳಯಕ್ಕೆ ಬಂದಿದ್ದಾನೆ, ಅಲ್ಲಿ ನಾವೆಗೆ ಎರಡೆರಡು ಪ್ರಾಣಿ ಹತ್ತಿಸುವಷ್ಟರಲ್ಲಿ ಆದೀತು, ಮೂಲೆಯಲ್ಲಿದ್ದ ಎರಡು ದೊಡ್ಡ ಕ್ಯಾನನ್ನೂ ಎತ್ತಿದಳು, ಕುದಿ ಬಿಸಿ, ಯಾರೋ ಪುಣ್ಯಾತ್ಗಿತ್ತಿ ಕಾಯಿಸಿಟ್ಟಿದ್ದಾಳೆ ಅಂತ ಹರಸುತ್ತಲೇ ಸುರಿದಳು, ಒಂದು, ಇನ್ನೊಂದು, ಆಮೇಲೆ ಘಮ್ ಅಂದಿತು.

ಆ ಪುಣ್ಯಾತ್ಗಿತ್ತಿ ಇವಳೇ. ಬೆಳಿಗ್ಗೆ ಬೇಗ ಎದ್ದು, ಇಡೀ ಸಭೆಗೆ ಆಗುವಷ್ಟು ಟೀ ಡಿಕಾಕ್ಷನ್ನು, ಸಕ್ಕರೆ ಹಾಕಿ, ಗಟ್ಟಿಯಾಗಿ, ಆಮೇಲೆ ಹಾಲು ಬೆರೆಸೋಣ ಅಂತ. ತೊಟ್ಟಿ ಕೆಂಪಗೆ ನಗುತ್ತಿದೆ. ಮೊಣಕೈ ಇಳಿಸಿದಳು, ಹಾಳಾದ ಮೊಣಕೈ, ಸರಿಯಾಗಿದೆ ಅನ್ನುತ್ತಿದೆ, ಮಗುವಿಗೆ ಎರೆಯುವ ಹದ. ಹರಿಸಿಬಿಡಲೇ, ಹರಿಸಿದರೆ ತುಂಬುವುದು ತಣ್ಣೀರೇ, ಜಲಪ್ರಳಯವೂ ಮುಗಿದು ನಾವೆಯಿಂದ ಪಾರಿವಾಳ ಬಿಟ್ಟಾಯಿತು, ಅಷ್ಟರಲ್ಲಿ ಸ್ಪ್ಯಾನರಣ್ಣ ಬಿಳಿ ನಿಲುವಂಗಿಯಲ್ಲಿ ಪಕ್ಕದ ಬಾಗಿಲಿಂದ ಬಂದೇಬಿಟ್ಟ, ಉಗುರಿನ ಗ್ರೀಸ್ ತಿಕ್ಕಿ ತಿಕ್ಕಿ ಬೆರಳು ಕೆಂಪಾಗಿವೆ, ತೊಟ್ಟಿ ನೋಡಿದ, ಮೂಗು ಅಗಲಿಸಿದ, ಇವಳನ್ನು ನೋಡಿದ. ಪಾಸ್ಟರಮ್ಮ. ಏನಣ್ಣ. ಇದು ಟೀ ಅಲ್ವಾ? ನಾಲಿಗೆಯ ತುದಿಯಲ್ಲಿ ಸುಳ್ಳುಗಳು ಸಾಲುಗಟ್ಟಿ ನಿಂತಿವೆ, ಪಾಸ್ಟರಮ್ಮನ ಸಣ್ಣ ಸುಳ್ಳುಗಳು, ಎಂಥ ಮುದ್ದಾದ ಮಗು, ಎಂಥ ರುಚಿಯಾದ ಸೂಪು, ಪೈಪಿನ ತುಕ್ಕು ಅಣ್ಣಾ ಅಂದರೆ ಮುಗಿಯಿತು, ಆದರೆ ತೊಟ್ಟಿಯ ಪಕ್ಕದಲ್ಲಿ ನಿಂತು ಹೇಗೆ ಹೇಳುವುದು, ಹೌದಣ್ಣ, ಟೀನೇ, ಹೀಟರ್ ಕೈಕೊಡ್ತು, ಗಡಿಬಿಡೀಲಿ ನಾನೇ ಸುರಿದ್ಬಿಟ್ಟೆ, ತಪ್ಪಾಯ್ತು, ಬೇಡ ಅಂದ್ರೆ ಇನ್ನೊಂದಿನ ಇಟ್ಕೊಳ್ಳೋಣ. ಬಿಸಿ ಇದೆಯಾ? ಇದೆ. ಸಕ್ಕರೆ? ಹಾಕಿದೆ. ಅವನು ಗದ್ದ ಕೆರೆದುಕೊಂಡ, ಇಂಜಿನ್ ಶಬ್ದ ಕೇಳುವಾಗ ಮಾಡುತ್ತಾನಲ್ಲ ಹಾಗೆ ತಲೆ ವಾಲಿಸಿದ, ಅಲ್ಲಮ್ಮಾ, ಇಷ್ಟು ವರ್ಷ ಗ್ರೀಸಲ್ಲಿ ಮುಳುಗಿದ್ದವನಿಗೆ ಟೀ ಯಾವ ಲೆಕ್ಕ, ಹಾಲು ಮಾತ್ರ ಹಾಕ್ಬೇಡಿ, ನಂಗೆ ಆಗಲ್ಲ.

ಪರದೆ ಸರಿಯಿತು. ಗಂಡ ಮೊದಲು ಇಳಿದ, ನೀರು ನೋಡಿದ, ಹೆಂಡತಿಯನ್ನು ನೋಡಿದ, ಆಮೇಲೆ ಮಾತಾಡೋಣ ಅನ್ನುವ ನೋಟ ಅದು, ಇಷ್ಟು ವರ್ಷದಲ್ಲಿ ಆ ಆಮೇಲೆ ಒಂದು ಸಲವೂ ಬಂದಿಲ್ಲ. ಆರ್ಗನ್ ಶುರುವಾಯಿತು, ಮೆಲ್ಲಗೆ, ಹೆದರಿಕೊಂಡು, ಅಕ್ಕ ತಲೆ ಎತ್ತುತ್ತಿಲ್ಲ, ಕೈಗಳನ್ನೇ ನೋಡುತ್ತಿದ್ದಾಳೆ, ಇವಳೂ ಆ ಕೈಗಳನ್ನೇ ನೋಡುತ್ತಿದ್ದಾಳೆ, ಸ್ಪ್ಯಾನರಣ್ಣನ ಹೆಬ್ಬೆರಳು ನೀರಿನ ಮೇಲೆ ನಿಂತಿದೆ, ನಿಂತೇ ಇದೆ, ಕೈಗಳು ಒಂದು ಸ್ವರ ತಪ್ಪಿದವು, ಹೆಬ್ಬೆರಳು ಇಳಿಯಿತು, ಪಾದ ಇಳಿಯಿತು, ಮಂಡಿ, ಸೊಂಟ, ಅಬ್ಬಾ ಅಂದ ಅವನು, ಬಾವಿಯ ಚಳಿ ಮೂಳೆಯಿಂದ ಹೊರಬಿದ್ದವನ ಹಾಗೆ, ಗಂಡ ಅವನ ತಲೆಯ ಹಿಂದೆ ಕೈ ಕೊಟ್ಟು ಮುಳುಗಿಸಿದ, ಟೀ ಮುಚ್ಚಿಕೊಂಡಿತು, ಎದ್ದ — ಕೆಂಪಗೆ, ಘಮಘಮ, ಮೀಸೆಯಿಂದ ತೊಟ್ಟಿಕ್ಕುತ್ತಾ, ನಾಲಿಗೆ ತುಟಿ ಸವರಿತು, ಆರ್ಗನ್ ಕಡೆ ತಿರುಗಿ ಕೊನೆಯ ಬೆಂಚಿಗೂ ಕೇಳುವ ಹಾಗೆ ಅಂದ, ಏ ಇವಳೇ, ಮುಳುಗಿದೆ ಕಣೇ! ಸಭೆ ಹೋ ಎಂದು ನಕ್ಕಿತು, ಪಾಸ್ಟರಮ್ಮನೂ ನಗುತ್ತಿದ್ದಾಳೆ, ಇನ್ನೀಗ ಇಷ್ಟು ಜನಕ್ಕೆ ಕುಡಿಯಲು ಏನು ಕೊಡುವುದು, ಒಲೆ ಆರಿಸಿದೆನೋ ಇಲ್ಲವೋ, ಟವೆಲ್, ಟವೆಲ್ ಎಲ್ಲಿ, ಆದರೆ ಹಾಡು ಎಲ್ಲಿ ಹೋಯಿತು, ಆರ್ಗನ್ ಯಾಕೆ ನಿಂತಿತು — ಅಕ್ಕನ ಕೈಗಳು, ಮುಂದಿನ ಸ್ವರಕ್ಕೆಂದು ಎತ್ತಿದವು, ಬೆರಳು ಬಾಗಿಸಿಕೊಂಡು, ಕೀಗಳ ಮೇಲೆ ಗೇಣೆತ್ತರ, ಗಾಳಿಯಲ್ಲಿ, ಆ ಎರಡು ಕೈ, ಇಳಿಯುವುದನ್ನೇ ಮರೆತು, ಆ ಎರಡು ಕೈ