ಆರು ಪದದ ಸೀತನಿ

ಹದಿಹರೆಯದವರ ಮಾಸಪತ್ರಿಕೆ ‘ಗಿಲಕಿ’ಯಲ್ಲಿ ಒಂದು ತಲೆಬರಹಕ್ಕೆ ಆರೇ ಪದ. ಸಂಪಾದಕ ಕಿರಣಕುಮಾರ ಹಾಕಿದ ಕಟ್ಟಳೆ ಅದು. ಏಳನೆಯ ಪದ ಬರುವಷ್ಟರಲ್ಲಿ ಹುಡುಗರ ಕಣ್ಣು ಮೊಬೈಲಿಗೆ ಹಾರಿರುತ್ತದೆ ಎಂದು ಅವನ ನಂಬಿಕೆ. ಸಂಘಮಿತ್ರಾ ಕೆಲಸಕ್ಕೆ ಸೇರಿದ ವಾರದಲ್ಲೇ ಬೆರಳು ಮಡಚಿ ಪದ ಎಣಿಸುವುದನ್ನು ಕಲಿತಳು. ಎರಡು ತಿಂಗಳಾಗುವಷ್ಟರಲ್ಲಿ, ಬಸ್ಸಿನಲ್ಲಿ ಯಾರೋ ಜಗಳವಾಡಿದರೂ ಬೆರಳು ತಾವಾಗಿಯೇ ಮಡಚಿಕೊಳ್ಳುತ್ತಿದ್ದವು.

ಎಣಿಕೆ ಬಂತು, ಮಾತು ಬರಲಿಲ್ಲ. ರಾಯಚೂರಿನ ಸ್ಟೇಷನ್ ರಸ್ತೆಯ ಮಹಡಿ ಕಚೇರಿಯಲ್ಲಿ ಕಿರಣಕುಮಾರ ಅವಳ ಪುಟವನ್ನು ಸತ್ತ ಹಲ್ಲಿಯಂತೆ ಎರಡು ಬೆರಳಲ್ಲಿ ಎತ್ತಿ ಹಿಡಿದ.

“‘ಆಕರ್ಷಣೆಯನ್ನು ನಿಭಾಯಿಸುವುದು ಹೇಗೆ?’ ಏನ್ರೀ ಇದು, ಸರ್ಕಾರಿ ಸುತ್ತೋಲೆ ಏನು? ಗುಲಾಬಿ ಬಣ್ಣ ಹಾಕೀವಿ, ಅಕ್ಷರ ಕುಣಿಸೀವಿ. ಅದರ ಮ್ಯಾಲ ನೀವು ತಹಶೀಲ್ದಾರ್ ಕುಂತಂಗ ಕುಂತೀರಿ.”

“ತಿದ್ದತೀನ್ರಿ ಸರ್.”

“ತಿದ್ದಬ್ಯಾಡ್ರಿ. ಹದಿನೇಳರ ಹುಡುಗಿ ಬಾಯಾಗಿಂದ ಒಂದು ಮಾತು ತರ್ರಿ. ತಂದ್ರ ಮುಖಪುಟ, ಕೆಲಸಾನೂ ಕಾಯಂ. ಇಲ್ಲಂದ್ರ ಒಂದನೇ ತಾರೀಖಿನಿಂದ ಬರಬ್ಯಾಡ್ರಿ.”

ಹದಿನೇಳರವಳೊಬ್ಬಳು ಅವಳ ಬೆನ್ನಿಗೆ ಬಿದ್ದವಳೇ ಇದ್ದಳು. ತಂಗಿ ಯಶೋಧಾ ಮಾನ್ವಿಯ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಳು. ದೇವದುರ್ಗದ ಅವರ ಓಣಿಯಲ್ಲಿ ವಿಜ್ಞಾನ ತೆಗೆದುಕೊಂಡ ಮೊದಲ ಹುಡುಗಿ. ಭಾನುವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು.

“ಅಕ್ಕಾ, ನಮ್ಮ ಕಾಲೇಜಿನಾಗ ಒಬ್ಬಾವ ಅದಾನ. ಕೃಷ್ಣ ಅಂತ. ಹೆಸರು ಹಿಡದ್ರ ಗೊತ್ತಾಗ್ತದಂತ ನಾ ಅವಗ ಸೀತನಿ ಅಂತೀನಿ.”

ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ಉಜ್ಜಿ ತಿನ್ನುವ ಸೀತನಿ! ಸಂಘಮಿತ್ರಾಳಿಗೆ ನಗು ತಡೆಯಲಿಲ್ಲ. “ಯಾಕ ಬೇ?”

“ಕೈ ಸುಡ್ತದ, ಆದ್ರೂ ಬಿಡಾಕ ಆಗಂಗಿಲ್ಲಲ್ಲ! ಅಕ್ಕಾ, ಯಾರ ಮುಂದೂ ಹೇಳಬ್ಯಾಡ. ಅಪ್ಪಗ ಗೊತ್ತಾದ್ರ ಕಾಲೇಜು ಬಿಡಸ್ತಾನ.”

“ನಾ ಯಾರ ಮುಂದ ಹೇಳಲಿ?” ಎಂದಳು ಸಂಘಮಿತ್ರಾ. ಅಷ್ಟರಲ್ಲಿ ಪೆನ್ನಿನ ಮುಚ್ಚಳ ತೆಗೆದಾಗಿತ್ತು.

ಬರೆಯುವಾಗ ಎಚ್ಚರಿಕೆಯಿಂದಲೇ ಬರೆದಳು. ಯಶೋಧಾಳನ್ನು ತೆಗೆದು ‘ಹೆಸರು ಬೇಡ’ ಎಂದು ಹಾಕಿದಳು. ಮಾನ್ವಿಯನ್ನು ಸಿಂಧನೂರು ಮಾಡಿದಳು. ಕೃಷ್ಣನ ಸೈಕಲ್ಲು ಬೈಕಾಯಿತು. ಒಂದು ಪದವನ್ನು ಮಾತ್ರ ಮುಟ್ಟಲಿಲ್ಲ. ಉಳಿದದ್ದೆಲ್ಲ ಅದಕ್ಕಾಗಿಯೇ ಇತ್ತು. ಗುಲಾಬಿ ಪುಟದ ಮೇಲೆ ಹಳದಿ ಅಕ್ಷರ ಕುಣಿದವು: ‘ಕೈ ಸುಟ್ರೂ ಬಿಡಂಗಿಲ್ಲ, ನೀ ನನ್ನ ಸೀತನಿ!’

ಕಿರಣಕುಮಾರ ಎಣಿಸಿ ನೋಡಿ ಮೇಜು ಕುಟ್ಟಿದ. “ಈಗ ನೋಡ್ರಿ, ನಿಮಗ ಹರೇ ಬಂತು!”

ಸಂಚಿಕೆ ನಾಲ್ಕೇ ದಿನದಲ್ಲಿ ಖಾಲಿಯಾಯಿತು. ಐದನೆಯ ದಿನ ಕೆಲಸ ಕಾಯಂ ಆಯಿತು. ಭಾನುವಾರ ಯಶೋಧಾಳ ಫೋನು ಬರಲಿಲ್ಲ. ಪರೀಕ್ಷೆ ಇರಬೇಕು ಎಂದುಕೊಂಡಳು ಸಂಘಮಿತ್ರಾ. ಹಾಗೆಂದುಕೊಳ್ಳುವುದು ಸುಲಭವಾಗಿತ್ತು.

ಮಂಗಳವಾರ ಮಧ್ಯಾಹ್ನ ಯಶೋಧಾ ಕಚೇರಿಯ ಬಾಗಿಲಲ್ಲಿ ನಿಂತಿದ್ದಳು. ಅಳುತ್ತಿರಲಿಲ್ಲ.

“ಊಟದ ಸಾಲಿನ್ಯಾಗ ತಾಟು ಬಡಿದು ಹಾಡ್ತಾರ ಅಕ್ಕಾ. ‘ಸೀತನಿ ನೀಡ್ರಿ ಈಕಿಗೆ, ಸೀತನಿ ನೀಡ್ರಿ’ ಅಂತ. ಹಾಸ್ಟೆಲಿನ್ಯಾಗ ಆ ಮಾತು ನಾ ಒಬ್ಬಾಕಿನ ಅಂತಿದ್ದೆ. ಈಕಿ ಯಾರಂತ ನನಗ ಗೊತ್ತಿಲ್ಲ ಅಂದ ಕೃಷ್ಣ, ಎಲ್ಲರ ಮುಂದ. ವಾರ್ಡನ್ ಅಪ್ಪನ್ನ ಕರಿಸಿದ್ರು.”

“ಅಪ್ಪ ಏನಂದ?”

“ಕೆಳಗ ಆಟೋದಾಗ ಕುಂತಾನ, ನನ್ನ ಟ್ರಂಕು ತೊಡಿ ಮ್ಯಾಲ ಇಟ್ಕೊಂಡು. ದೇವದುರ್ಗಕ್ಕ ಹೊಂಟೀವಿ. ಕಾಲೇಜು ಮುಗೀತು. ನಿನಗ ಒಂದು ಮಾತು ಹೇಳಿ ಹೋಗ್ತೀನಂತ ಸುತ್ತು ಹಾಕಿಸಿ ಬಂದೆ.”

“ನಾ ನಿನ್ನ ಹೆಸರು ಹಾಕಿಲ್ಲ ಯಶೋಧಾ. ಊರು ಸೈತ ಬದಲು ಮಾಡೀನಿ…”

“ನನ್ನ ಹೆಸರು ಬಿಟ್ಟಿ, ನನ್ನ ಮಾತು ಕದ್ದಿ.”

ಒಳಗಿನಿಂದ ಕಿರಣಕುಮಾರ ಕೂಗಿದ: “ಸಂಘಮಿತ್ರಾ, ಮುಂದಿನ ಮುಖಪುಟಕ್ಕ ಏನರೆ ಹೊಳೀತೇನ್ರಿ?”

ಯಶೋಧಾ ಅಕ್ಕನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ಎಡಗೈಯ ಐದೂ ಬೆರಳು ಮಡಚಿದ್ದವು. ಬಲಗೈಯ ಹೆಬ್ಬೆರಳು ಮೆಲ್ಲಗೆ ಬಾಗುತ್ತಿತ್ತು.

“ಎಣಸಾಕತ್ತೀಯೇನಕ್ಕಾ?”

ಸಂಘಮಿತ್ರಾ ಎರಡೂ ಕೈಗಳನ್ನು ಬೆನ್ನ ಹಿಂದೆ ಮಾಡಿಕೊಂಡಳು. ಅಷ್ಟರಲ್ಲಿ ಎಣಿಕೆ ಮುಗಿದಿತ್ತು. ಸರಿಯಾಗಿ ಆರು.